ಸೋಪು ಕಾಣದ ಪಾತ್ರೆ ಸೋಪು ಕಂಡ ಪ್ರಕರಣ

ಇಟಲಿಯ ನೇಪಲ್ಸ್ ನಗರದ ಜನನ-ಮರಣ ನೋಂದಣಿ ಕಚೇರಿಯಲ್ಲಿ ಕಾಫಿ ಕಾಯಿಸುವ ಅಲ್ಯೂಮಿನಿಯಂ ಪಾತ್ರೆಗೆ ಮೂವತ್ತೊಂದು ವರ್ಷಗಳ ಕಳಂಕರಹಿತ ಸೇವಾವಧಿ ಇತ್ತು. ಈ ಅವಧಿಯಲ್ಲಿ ಅದಕ್ಕೆ ಒಮ್ಮೆಯೂ ಸೋಪು ಸೋಕಿರಲಿಲ್ಲ. ಕಾಫಿಬೀಜ ಬಿಟ್ಟ ಎಣ್ಣೆ ಒಳಗೋಡೆಗೆ ಪದರಪದರವಾಗಿ ಕೂತು, ರುಚಿಗೆ ಅದೇ ಆಧಾರವಾಗಿತ್ತು. ಆ ಕಚೇರಿಯಲ್ಲಿ ಲಂಚವಿಲ್ಲದೆ ಕೆಲಸ ಮಾಡುತ್ತಿದ್ದುದೂ ಆ ಪಾತ್ರೆಯೊಂದೇ.

ದೇಶದ ಉತ್ತರ ತುದಿಯ ಬೊಲ್ಜಾನೊ ಊರಿನಿಂದ ಬಂದಿದ್ದ ಗುಮಾಸ್ತೆ ಒರ್ನೆಲ್ಲಾ, ನೌಕರಿ ಕಾಯಂ ಆಗಲು ಒಂದೇ ದಿನ ಬಾಕಿಯಿರುವಾಗ, ಒಳ್ಳೆಯ ಮನಸ್ಸಿನಿಂದ ಅದನ್ನು ಸೋಪು ಹಾಕಿ ಉಜ್ಜಿ ತೊಳೆದಳು. ಮುಖ್ಯಾಧಿಕಾರಿ ಇಂಪರಾತೊ ಮೊದಲ ಗುಟುಕನ್ನೇ ಉಗುಳಿದರು.

"ಏನಮ್ಮಾ ಮಾಡ್ಬಿಟ್ಟೆ?"

"ತೊಳೆದೆ ಸಾರ್. ಒಳಗೆಲ್ಲಾ ಕರ್ರಗಿತ್ತು."

"ಕರ್ರಗಿತ್ತಂತೆ! ನಮ್ಮಜ್ಜಿ ಇದ್ದಿದ್ರೆ ನಿನ್ನ ಬಾಲ್ಕನಿಯಿಂದ ಎತ್ತಿ ಎಸೀತಿದ್ಲು."

ಮಧ್ಯಾಹ್ನದೊಳಗೆ ಬಾಗಿಲಿಗೆ ಪ್ರಕಟಣೆ ಅಂಟಿತು: "ಪಾತ್ರೆಯ ಎಣ್ಣೆಪದರ ಯಥಾಸ್ಥಿತಿಗೆ ಬರುವವರೆಗೆ ಯಾವುದೇ ಪ್ರಮಾಣಪತ್ರ ನೀಡಲಾಗುವುದಿಲ್ಲ. ಒರ್ನೆಲ್ಲಾ ಅವರ ಕಾಯಂ ಆದೇಶವನ್ನೂ ತಡೆಹಿಡಿಯಲಾಗಿದೆ. ಪದರ ಬಂದಿದೆಯೆಂದು, ಪಾತ್ರೆ ಖರೀದಿಸಿದ ಅಧಿಕಾರಿಯೇ ಕುಡಿದು ದೃಢೀಕರಿಸತಕ್ಕದ್ದು."

ಆ ಅಧಿಕಾರಿ, ನಿವೃತ್ತ ಡೊನ್ ಕತೆಲ್ಲೊ, ಅದೃಷ್ಟವಶಾತ್ ಕೌಂಟರಿನ ಮುಂದೆಯೇ ನಿಂತಿದ್ದರು. ತಾನು ಬದುಕಿದ್ದೇನೆಂಬ ಪ್ರಮಾಣಪತ್ರ ಇಲ್ಲದೆ ಅವರ ಪಿಂಚಣಿ ನಿಂತುಹೋಗಿತ್ತು. ವಿಷಯ ಕೇಳಿ ಅವರು ಟೋಪಿ ತೆಗೆದರು.

"ಸೋಪು ಹಾಕಿದ್ಲಾ? ಅಯ್ಯೋ! ನಾನು ಬದುಕಿರೋದು ಆಮೇಲೆ ನೋಡೋಣ, ಮೊದ್ಲು ಪಾತ್ರೆ ನೋಡ್ಕೊಳ್ಳಿ."

ಒರ್ನೆಲ್ಲಾ ಎಂಟು ವಾರ, ದಿನಕ್ಕೆ ಹನ್ನೆರಡು ಸಲ ಕಾಫಿ ಕಾಯಿಸಿ ಚೆಲ್ಲಿದಳು. ಪಾತ್ರೆಯನ್ನು ಬರೀ ನೀರಿನಲ್ಲಿ ಅಲುಬಿದಳು. ಕೌಂಟರಿಗೆ ಬಂದ ಜನ ಪ್ರಕಟಣೆ ಓದಿ, ನ್ಯಾಯವಾದದ್ದೇ ಎಂದು ತಲೆದೂಗಿ ಮರಳಿದರು. ಕಡೆಗೊಂದು ಬೆಳಿಗ್ಗೆ ಡೊನ್ ಕತೆಲ್ಲೊ ಗುಟುಕರಿಸಿ ಕಣ್ಣೊರೆಸಿಕೊಂಡರು.

"ಬಂತು ಮಗಳೇ! ಅದೇ ರುಚಿ!"

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಂಪರಾತೊ ಕನ್ನಡಕ ಏರಿಸಿದರು.

"ಬಹಳ ಸಂತೋಷ. ದೃಢೀಕರಿಸೋರು ಬದುಕಿದ್ದಾರೆ ಅನ್ನೋದಕ್ಕೆ ಪ್ರಮಾಣಪತ್ರ ಎಲ್ಲಿ?"

"ನೀವು ಕೊಟ್ರೆ ತಾನೇ?" ಎಂದರು ಡೊನ್ ಕತೆಲ್ಲೊ.

"ಪಾತ್ರೆ ದೃಢೀಕರಣ ಆಗ್ದೆ ಹೇಗ್ರೀ ಕೊಡ್ಲಿ?"

ಡೊನ್ ಕತೆಲ್ಲೊ ಬಾಗಿಲಿನ ಪ್ರಕಟಣೆಯನ್ನು ಮತ್ತೊಮ್ಮೆ ಓದಿದರು. "ಅದೂ ಸರೀನೇ," ಎಂದರು. ಅವರೂ ಇದೇ ಕಚೇರಿಯಲ್ಲಿ ತಲೆ ನರೆಸಿಕೊಂಡವರು.

ಒರ್ನೆಲ್ಲಾಗೆ ಅಳು ಬಂತು. ಆದರೆ ಬಟ್ಟಲಲ್ಲಿದ್ದ ಕಾಫಿ ಆರುತ್ತಿತ್ತು, ಕುಡಿದಳು. ನಿಜಕ್ಕೂ ಚೆನ್ನಾಗಿತ್ತು.

ಇದಾಗಿ ಏಳು ವರ್ಷ. ದಿನವೂ ಹನ್ನೊಂದಕ್ಕೆ ಮೂವರೂ ಕೂತು ಕುಡಿಯುತ್ತಾರೆ. ಹೊಸಬರು ಯಾರಾದರೂ ಸೋಪಿನ ಕಡೆ ಕಣ್ಣು ಹಾಯಿಸಿದರೆ ಮೊದಲು ಕೂಗಿಕೊಳ್ಳುವವಳು ಒರ್ನೆಲ್ಲಾ. ಕಾಫಿ ಮುಗಿದ ಮೇಲೆ, ಇನ್ನೂ ಹಂಗಾಮಿ ಗುಮಾಸ್ತೆಯಾಗಿಯೇ ಉಳಿದಿರುವ ಅವಳು, ಕಚೇರಿಯ ವಹಿಯಲ್ಲಿ ದುಂಡಗೆ ಬರೆಯುತ್ತಾಳೆ: "ಜೀವಂತವಿರುವುದು ಇನ್ನೂ ಖಚಿತವಾಗದ ವ್ಯಕ್ತಿಯೊಬ್ಬರು ಇಂದೂ ಕಾಫಿ ಚೆನ್ನಾಗಿದೆ ಎಂದರು."