ಉಳ್ಳಾಗಡ್ಡಿಯ ಠರಾವು

ಕನ್ನಡ ನಾಡು ಒಂದಾದ ಮರುವರ್ಷ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಎಳೆಯ ಮಕ್ಕಳು ತಮಗೆ ಸಿಕ್ಕ ಪುಸ್ತಕಗಳನ್ನು ತಮಗೆ ತಿಳಿದ ಹಾಗೆ ಓದುತ್ತಿದ್ದಾರೆಂಬ ಸಂಗತಿ ಮೇಲಿನವರ ಗಮನಕ್ಕೆ ಬಂದಿತು. ಇದನ್ನು ತಡೆಯುವುದಕ್ಕಾಗಿ ‘ನಾಲ್ಕೂರ ಬಾಲವಾಚನ ಪುಸ್ತಕ ಆಯ್ಕೆ ಸಮಿತಿ’ ನೇಮಕವಾಯಿತು. ನಾನು, ಅಂದರೆ ಉಳವಪ್ಪ, ಅದರ ಕಾರ್ಯದರ್ಶಿ. ನನ್ನ ಅಕ್ಷರ ದುಂಡಗಿದೆ. ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ.

ಅಧ್ಯಕ್ಷರು ಕುಬೇರಪ್ಪನವರು. ಗದಗಿನಲ್ಲಿ ಉಳ್ಳಾಗಡ್ಡಿಯ ದೊಡ್ಡ ದಲಾಲರು. ಅವರು ಹಿಂದೊಮ್ಮೆ ಶಾಲೆಯೊಂದಕ್ಕೆ ಗೋಡೆ ಗಡಿಯಾರ ದಾನ ಕೊಟ್ಟಿದ್ದರು. ಗಡಿಯಾರ ನಡೆಯುತ್ತಿರಲಿಲ್ಲ, ಆದರೆ ದಾನದ ಮಾತು ಇನ್ನೂ ನಡೆಯುತ್ತಿತ್ತು. ಉಳಿದ ಮೂರೂರಿನಿಂದ ಒಬ್ಬೊಬ್ಬ ಸದಸ್ಯರು ಬಂದರು. ಹಿಂದೆ ಈ ಊರುಗಳಲ್ಲಿ ಕೆಲವು ಮುಂಬಯಿಯ ಕಡೆ, ಕೆಲವು ಸಂಸ್ಥಾನಗಳ ಕಡೆ ಇದ್ದುದರಿಂದ, ಯಾರ ಆಳಿಕೆಯಲ್ಲಿ ಚಹಾ ಚೆನ್ನಾಗಿತ್ತು ಎಂಬ ಚರ್ಚೆಯಲ್ಲೇ ಮೊದಲ ಸಭೆ ಸಂತೋಷದಿಂದ ಮುಗಿಯಿತು.

ಎರಡನೆಯ ಸಭೆಯಲ್ಲಿ ಒಳ್ಳೆಯ ಪುಸ್ತಕದ ಲಕ್ಷಣಗಳನ್ನು ನಿಗದಿ ಮಾಡಲಾಯಿತು. ಅದು ಗಟ್ಟಿ ರಟ್ಟಿನದಾಗಿರಬೇಕು. ಅದನ್ನು ಕಂಡೊಡನೆ ಮಗು ಸುಮ್ಮನಾಗಬೇಕು. ನಗು ಬರಿಸುವ ಪಾಠವಿದ್ದರೆ ನಗು ಎಲ್ಲಿ ನಿಲ್ಲಬೇಕೆಂಬುದನ್ನು ಕೆಳಗೆ ಅಚ್ಚು ಹಾಕಿರಬೇಕು. ಇಷ್ಟಾದ ಮೇಲೆ ಪುಸ್ತಕಗಳನ್ನು ಒಳಗೆ ತರಿಸಿದರು.

ಪುಸ್ತಕಗಳು ಎರಡು. ಒಂದನ್ನು ತಂದವರು ಜೈಬುನ್ನೀಸಾ ಅಕ್ಕಾರು. ಪ್ಯಾಟಿಯ ಜಕಾತಿ ನಾಕಾದ ಬಾಜೂ ಇರುವ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸುವವರು. ಕೂತವರಲ್ಲಿ ಮಕ್ಕಳಿಗೆ ಓದು ಕಲಿಸಿದವರು ಅವರೊಬ್ಬರೇ ಆದ್ದರಿಂದ ಅವರಿಗೆ ಮಾತಾಡುವ ಹಕ್ಕು ಇತ್ತು, ಮತ ಹಾಕುವ ಹಕ್ಕು ಇರಲಿಲ್ಲ. ಅವರ ಪುಸ್ತಕ ನಮ್ಮ ಊರಿನಲ್ಲೇ ಅಚ್ಚಾದ ತೆಳ್ಳಗಿನದು. ಅದರಲ್ಲಿ ‘ಉ’ ಅಕ್ಷರದ ಕೆಳಗೆ ಉಳ್ಳಾಗಡ್ಡಿಯ ಚಿತ್ರ ಇತ್ತು.

“ಹುಡುಗ್ರು ಮೊದಲ ಚಿತ್ರ ನೋಡತಾರ್ರಿ,” ಎಂದರು ಅಕ್ಕಾರು. “ಮನ್ಯಾಗ ಕಂಡಿದ್ದ ಇರತೈತಿ, ಹೆಸರು ತಾನ ಬಾಯಿಗೆ ಬರತೈತಿ. ಹೆಸರಿನ ಮೊದಲನೇ ಸಪ್ಪಳ ಹಿಡದು ಅಕ್ಷರ ಗುರುತಾ ಮಾಡಿಕೊಂತಾರ. ಎರಡ ತಿಂಗಳದಾಗ ಓದತಾರ್ರಿ.”

“ಎರಡ ತಿಂಗಳದಾಗ ಓದಿಬಿಟ್ರ ಉಳದ ವರ್ಷ ಏನ ಮಾಡತಾರ್ರಿ ಅಕ್ಕಾರ?” ಎಂದು ಕುಬೇರಪ್ಪನವರು ಕೇಳಿದರು. ಇದಕ್ಕೆ ನಿಯಮಗಳಲ್ಲಿ ಉತ್ತರವಿರಲಿಲ್ಲ. ಪುಸ್ತಕ ಬದಿಗೆ ಸರಿಯಿತು.

ಎರಡನೆಯದು ಬೆಂಗಳೂರಿನ ಕಡೆಯಿಂದ ಬಂದದ್ದು, ದಪ್ಪ ರಟ್ಟು, ಬಣ್ಣದ ಚಿತ್ರ. ಕುಬೇರಪ್ಪನವರು ಬೇಸರದಿಂದ ಪುಟ ತಿರುವುತ್ತಾ ಬಂದು ‘ಈ’ ಅಕ್ಷರದಲ್ಲಿ ನಿಂತರು. ಅಲ್ಲಿ ಕೆಂಪಗೆ, ದುಂಡಗೆ ಒಂದು ಚಿತ್ರ. ಕೆಳಗೆ ‘ಈರುಳ್ಳಿ’ ಎಂದು ಅಚ್ಚಾಗಿತ್ತು. ಅವರು ಆ ಪುಟವನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದರು.

“ಇದೇನ್ರಿ ಇದು?”

“ಉಳ್ಳಾಗಡ್ಡಿರಿ. ಆ ಕಡೆ ಮಂದಿ ಹಂಗಂತಾರ,” ಎಂದರು ಅಕ್ಕಾರು.

“ಉಳ್ಳಾಗಡ್ಡಿ ಅಂತ ಎಲ್ಲೆ ಐತ್ರಿ? ಈರುಳ್ಳಿ ಅಂತ ಐತಿ. ಪುಸ್ತಕ ಸುಳ್ಳ ಹೇಳತೈತೇನು?”

ಶಿರಹಟ್ಟಿಯ ಸದಸ್ಯರು, “ನಮ್ಮ ಸಂಸ್ಥಾನದಾಗ ಎರಡೂ ಒಂದ ಇದ್ದುವಪಾ,” ಎಂದು ಸಣ್ಣದಾಗಿ ಅಂದರು. “ಈಗ ಸಂಸ್ಥಾನ ಇಲ್ಲಲ್ರಿ,” ಎಂದು ಕುಬೇರಪ್ಪನವರು ನೆನಪಿಸಿದರು. ಆಮೇಲೆ ಠರಾವು ಪಾಸಾಯಿತು. ನನ್ನ ದುಂಡಕ್ಷರದಲ್ಲೇ ಅದು ಹೀಗಿದೆ: “ಎರಡು ಶಬ್ದಗಳಿರುವಲ್ಲಿ ಎರಡು ವಸ್ತುಗಳಿರುವುವೆಂದು ಭಾವಿಸತಕ್ಕದ್ದು. ಆದಕಾರಣ ಈರುಳ್ಳಿ ಬೇರೆ, ಉಳ್ಳಾಗಡ್ಡಿ ಬೇರೆ. ನೋಡಲು, ಮೂಸಲು ಹಾಗೂ ಹೆಚ್ಚುವಾಗ ಕಣ್ಣೀರು ತರಿಸಲು ಇವೆರಡೂ ಒಂದೇ ತೆರನಾಗಿರುವುದು ಕೇವಲ ಆಕಸ್ಮಿಕ.”

ಪುಸ್ತಕ ಶಾಲೆಗಳಿಗೆ ಹೋಯಿತು. ಮಕ್ಕಳು ‘ಈ’ ಅಕ್ಷರದ ಚಿತ್ರ ನೋಡಿದರು, ಸಂತೋಷದಿಂದ “ಉಳ್ಳಾಗಡ್ಡಿ” ಎಂದು ಕೂಗಿದರು, ಮೇಲಿನ ಅಕ್ಷರವನ್ನು ‘ಉ’ ಎಂದು ಕಲಿತರು. ಉಪ್ಪು ಎಂದು ಬರೆಯಿರಿ ಎಂದರೆ ‘ಈಪ್ಪು’ ಎಂದು ಬರೆದರು. ಈಶ್ವರ ಎಲ್ಲರ ಬಾಯಲ್ಲೂ ಉಶ್ವರನಾದ. ದೇವರ ಕಡೆಯಿಂದ ಲಿಖಿತ ತಕರಾರು ಬಾರದ್ದರಿಂದ ಸಮಿತಿ ಇದನ್ನು ಗಮನಿಸಲಿಲ್ಲ.

ಅದೇ ವಾರ ಕುಬೇರಪ್ಪನವರ ಚಕ್ಕಡಿಗಳು ಮುಳಗುಂದ ಮತ್ತು ಡಂಬಳದ ಕಡೆಯಿಂದ ಪ್ಯಾಟಿ ನಾಕಾಕ್ಕೆ ಬಂದು ಸಾಲಾಗಿ ನಿಂತವು. ಊರೊಳಗೆ ಬರುವ ಮಾಲಿಗೆಲ್ಲ ಅಲ್ಲಿ ಜಕಾತಿ ಕೊಡಬೇಕು. ಯಾವ ಯಾವ ಮಾಲಿಗೆ ಎಂಬುದನ್ನು ಗೋಡೆಯ ಹಲಗೆಯ ಮೇಲೆ ಬರೆದಿದ್ದರು. ನಾಕಾದ ಕಾರಕೂನ ಗವಿಸಿದ್ದಪ್ಪ ಹೊರಗೆ ಬಂದ.

“ಚೀಲದಾಗ ಏನೈತ್ರಿ ಸಾಹುಕಾರ್ರ?”

“ಈರುಳ್ಳಿ.”

ಗವಿಸಿದ್ದಪ್ಪ ಹಲಗೆಯ ಮೇಲೆ ಬೆರಳಾಡಿಸಿದ. ಉಳ್ಳಾಗಡ್ಡಿ ಇತ್ತು, ಬಳ್ಳೊಳ್ಳಿ ಇತ್ತು, ಈರುಳ್ಳಿ ಇರಲಿಲ್ಲ. ಕುಬೇರಪ್ಪನವರು ಒಂದನೇ ಇಯತ್ತೆಯ ಪುಸ್ತಕವನ್ನೂ ಠರಾವಿನ ಪ್ರತಿಯನ್ನೂ ತೋರಿಸಿದರು. ಗವಿಸಿದ್ದಪ್ಪ ಕಾಯದೆಯ ಮನುಷ್ಯ. ಅಡ್ಡಗೋಲು ಎತ್ತಿದ. ಮಕ್ಕಳ ಪುಸ್ತಕವನ್ನು ಅಧ್ಯಕ್ಷರು ಅಷ್ಟು ಅಕ್ಕರೆಯಿಂದ ಎದೆಗೆ ಒತ್ತಿಕೊಂಡದ್ದನ್ನು ನಾನು ಅಂದೇ ನೋಡಿದ್ದು.

ಚಕ್ಕಡಿಗಳ ಹಿಂದೆ ಪಕ್ಕದ ಹಳ್ಳಿ ನಾಗಾವಿಯ ಹನಮವ್ವ ತಲೆಯ ಮೇಲೆ ಉಳ್ಳಾಗಡ್ಡಿಯ ಬುಟ್ಟಿ ಹೊತ್ತು ನಿಂತಿದ್ದಳು. ದಿನಾಲು ಮಗಳು ಚೌಡವ್ವನನ್ನು ಅಕ್ಕಾರ ಶಾಲೆಗೆ ಬಿಟ್ಟು ಸಂತೆಪ್ಯಾಟಿಗೆ ಹೋಗುವವಳು. ಬುಟ್ಟಿಗೆ ಜಕಾತಿ ಕೊಟ್ಟ ದಿನ ಸಂಜೆ ಮನೆಗೆ ಎಣ್ಣೆ ಒಯ್ಯುವುದಾಗುತ್ತಿರಲಿಲ್ಲ. ಅಂದರೆ ದಿನಾಲು ಆಗುತ್ತಿರಲಿಲ್ಲ.

“ನಂದೂ ಈರುಳ್ಳಿನರಿ ಯಪ್ಪಾ,” ಎಂದಳು.

“ಪುಸ್ತಕ ಐತೇನು?” ಎಂದ ಗವಿಸಿದ್ದಪ್ಪ.

“ನನ್ನ ಮಗಳ ಚೀಲದಾಗ ಐತ್ರಿ.”

“ಹಂಗಾರ ಓದಿ ತೋರಸಲಿ. ಓದಾಕ ಬಂದವರದು ಈರುಳ್ಳಿ, ಬರಲಾರದವರದು ಉಳ್ಳಾಗಡ್ಡಿ.”

ಬಾಜೂ ನಿಂತಿದ್ದ ಚೌಡವ್ವ ಪುಸ್ತಕ ತೆಗೆದಳು. ಚಿತ್ರ ಕಂಡದ್ದೇ ಮುಖ ಅರಳಿತು. ಬೆರಳಿಟ್ಟು, ಗಟ್ಟಿ ದನಿಯಲ್ಲಿ, “ಉಳ್ಳಾಗಡ್ಡಿ” ಎಂದು ಓದಿದಳು. ಹನಮವ್ವ ಜಕಾತಿ ಕೊಟ್ಟಳು.

ನಾನು ಅಲ್ಲೇ ಇದ್ದೆ. ಬುಟ್ಟಿಯಲ್ಲಿ ಇದ್ದದ್ದನ್ನೇ ಮಗು ಹೇಳಿತ್ತು, ತಾಯಿಗೆ ದಂಡ ಬಿದ್ದದ್ದೂ ಅದಕ್ಕೇ. ನನಗೆ ಬಹಳ ಸಿಟ್ಟು ಬಂತು. ಸಮಿತಿಯ ವರದಿಯಲ್ಲಿ ಸಿಟ್ಟಿಗೆ ಜಾಗ ಬಿಟ್ಟಿರಲಿಲ್ಲ, ಆದಕಾರಣ ಇಲ್ಲಿ ನಮೂದಿಸಿದ್ದೇನೆ.

ಹನಮವ್ವ ಬುಟ್ಟಿ ಸಮೇತ ಶಾಲೆಯ ಬಾಗಿಲಿಗೆ ಹೋದಳು. “ಅಕ್ಕಾರ, ಇಕಿಗೆ ಜಲ್ದಿ ಓದಾಕ ಕಲಸ್ರಿ. ಖರೆ ಹೇಳಿ ಹೇಳಿ ಮನಿ ಮುಳಗಸಾಕತ್ಯಾಳ.”

ಜೈಬುನ್ನೀಸಾ ಅಕ್ಕಾರು ಚೌಡವ್ವನ ಕೈ ಹಿಡಿದುಕೊಂಡರು. “ಆತವ್ವಾ,” ಎಂದು ಒಳಗೆ ಹೋದರು. ಚೌಡವ್ವನ ಮುಂದೆ ಕುಳಿತು, “ಚಿತ್ರ ನೋಡಬ್ಯಾಡವ್ವ. ಅದರ ಮ್ಯಾಲ ಅಂಗೈ ಇಟ್ಟು ಮುಚ್ಚು. ಈಗ ಬರೇ ಅಕ್ಷರ ಓದು,” ಎಂದರು.

“ಯಾಕ್ರಿ ಅಕ್ಕಾರ? ಚಿತ್ರಾ ಚಂದ ಐತಲ್ರಿ.”

“ಚಂದ ಐತಿ. ಅದಕ್ಕ ಮುಚ್ಚು.”

ಇಡೀ ತರಗತಿ ಅಂಗೈಯಿಂದ ಚಿತ್ರ ಮುಚ್ಚಿಕೊಂಡು ಓದತೊಡಗಿತು. ದಸರಾ ಸೂಟಿಯ ಹೊತ್ತಿಗೆ ಚೌಡವ್ವ ನಾಕಾದಲ್ಲಿ ನಿಂತು, ಕಣ್ಣು ಮುಚ್ಚಿ, “ಈರುಳ್ಳಿ” ಎಂದಳು. ಬುಟ್ಟಿ ಪುಕ್ಕಟೆ ಒಳಗೆ ಹೋಯಿತು. ಆ ಸಂಜೆ ಹನಮವ್ವ ಮನೆಗೆ ಎಣ್ಣೆ ಒಯ್ದಳು.

ಖಬರ ಹಬ್ಬಿತು. ಮಕ್ಕಳನ್ನು ಎಂದೂ ಶಾಲೆಗೆ ಕಳಿಸದವರು ಕೈ ಹಿಡಿದು ಎಳೆದು ತಂದರು. ಒಂದನೇ ಇಯತ್ತೆಯಲ್ಲಿ ಕುಂಡ್ರಲು ಜಾಗ ಇಲ್ಲದಾಯಿತು. ಬುಟ್ಟಿಗೊಂದು ಮಗು, ಮಗುವಿಗೊಂದು ಪುಸ್ತಕ. ನಾಕಾದ ಮುಂದೆ ಮುಂಜಾನೆಯಿಂದ ಬಾಲವಾಚನ ಕೇಳಿಬರುತ್ತಿತ್ತು. ಒಳ್ಳೆಯ ಪುಸ್ತಕವೊಂದು ಜನರಲ್ಲಿ ಓದಿನ ಹಸಿವು ಹುಟ್ಟಿಸಬಲ್ಲದೆಂದು ಸಮಿತಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು. ನಾಲ್ಕೂರಿನ ಹೊಲಗಳಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಿತ್ತು, ಊರೊಳಗೆ ಮಾತ್ರ ಒಂದು ಗಡ್ಡೆಯೂ ಬರಲಿಲ್ಲ.

ಜಕಾತಿ ವಸೂಲಿ ಬಿದ್ದುಹೋದ ಮೇಲೆ ಒಂದು ದಿನ ಪೇಂಟರ್ ನಿಚ್ಚಣಿಕೆ ತಂದು ಹಲಗೆಯಲ್ಲಿ ‘ಉಳ್ಳಾಗಡ್ಡಿ’ಯ ಕೆಳಗೆ ‘ಈರುಳ್ಳಿ’ ಎಂದು ಬರೆದು ಹೋದ. ಅವತ್ತೇ ಕುಬೇರಪ್ಪನವರು ಸಮಿತಿಯ ತುರ್ತು ಸಭೆ ಕರೆದರು.

“ಈ ಪುಸ್ತಕ ಹಳೇದಾತು,” ಎಂದರು. “ಹುಡುಗ್ರ ಮನಸ್ಸು ಬೆಳೀಬೇಕಂದ್ರ ಹೊಸಾದು ಬೇಕು.” ಕರಾವಳಿಯಿಂದ ತರಿಸಿದ ಪುಸ್ತಕ ಮೇಜಿನ ಮೇಲಿತ್ತು. ಗುರುತಿನ ಕಾಗದ ಇಟ್ಟಿದ್ದ ಪುಟವನ್ನು ಅವರೇ ತೆರೆದರು. ಅದೇ ಕೆಂಪಗಿನ ದುಂಡು ಚಿತ್ರ. ಕೆಳಗೆ ‘ನೀರುಳ್ಳಿ’ ಎಂದಿತ್ತು.

“ಹುಡುಗ್ರು ಈಗರ ಒಂದು ಕಲತಾರ್ರಿ,” ಎಂದರು ಅಕ್ಕಾರು. “ಮತ್ತ ಮೊದಲಿಂದ ಕಲೀಬೇಕೇನ್ರಿ?”

“ಕಲೀಲಿ ಬಿಡ್ರಿ. ಕಲಿಯೂದು ಕೆಟ್ಟದ್ದೇನ್ರಿ? ಮಂಗಳೂರ ಕಡೆಯವರೂ ಈಗ ನಮ್ಮವರ. ಅವರ ಶಬ್ದ ಬಿಟ್ರ ಏಕೀಕರಣ ಅರ್ಧಕ್ಕ ನಿಂತಂಗ ಆಗತೈತಿ.”

ಏಕೀಕರಣದ ಹೆಸರು ಬಂದ ಮೇಲೆ ಎಲ್ಲರೂ ಎದ್ದು ನಿಂತರು. ನಿಂತವರೆಲ್ಲ ಒಪ್ಪಿದವರೆಂದು ನಾನು ಬರೆದುಕೊಂಡೆ. ಹೊಸ ಪುಸ್ತಕ ಓದದವರನ್ನು ಓದು ಬಲ್ಲವರೆಂದು ಭಾವಿಸತಕ್ಕದ್ದಲ್ಲ ಎಂಬ ನಿಯಮವೂ ಜೊತೆಗೇ ಪಾಸಾಯಿತು. ಆದ್ದರಿಂದ ಚೌಡವ್ವ ಮರುವರ್ಷವೂ ಒಂದನೇ ಇಯತ್ತೆಯಲ್ಲೇ ಕುಳಿತಳು. ಕುಬೇರಪ್ಪನವರ ಚಕ್ಕಡಿಗಳು ನೀರುಳ್ಳಿ ಹೊತ್ತು ಒಳಗೆ ಬಂದವು. ಪೇಂಟರ್ ಈ ಸಲ ನಿಚ್ಚಣಿಕೆಯನ್ನು ನಾಕಾದಲ್ಲೇ ಬಿಟ್ಟುಹೋದ.

ಆ ವರ್ಷದ ಕೊನೆಗೆ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಪರೀಕ್ಷೆಗೆ ಬಂದರು. ಈ ಸಲವೂ ಪಾಸಾಗದಿದ್ದರೆ ಮಗಳನ್ನು ಶಾಲೆ ಬಿಡಿಸಿ ಬುಟ್ಟಿ ಹೊರಿಸುತ್ತೇನೆಂದು ಹನಮವ್ವ ಹೇಳಿದ್ದಳು. ಬಾಗಿಲಲ್ಲೇ ನಿಂತಿದ್ದಳು. ಸಾಹೇಬರು ಅಕ್ಷರವನ್ನು ಅಂಗೈಯಿಂದ ಮುಚ್ಚಿ ಚಿತ್ರ ಮಾತ್ರ ತೋರಿಸಿದರು.

“ಇದೇನಮ್ಮಾ?”

ಚೌಡವ್ವ ಚಿತ್ರ ನೋಡಲಿಲ್ಲ. ಸಾಹೇಬರ ಮುಖ ನೋಡಿದಳು. ಅಕ್ಕಾರ ಮುಖ ನೋಡಿದಳು. ಬಾಗಿಲ ಕಡೆ, ತಾಯಿಯ ತಲೆಯ ಮೇಲಿನ ಬುಟ್ಟಿ ನೋಡಿದಳು.

“ಈ ವರ್ಷ ಇದಕ್ಕ ಏನಂತಾರ್ರಿ ಸಾಹೇಬ್ರ?” ಎಂದು ಕೇಳಿದಳು.

ಸಾಹೇಬರಿಗೆ ಬಹಳ ಸಂತೋಷವಾಯಿತು. ‘ಓದು ಉತ್ತಮ’ ಎಂದು ಬರೆದು ಅವಳನ್ನು ಎರಡನೇ ಇಯತ್ತೆಗೆ ಹಾಕಿದರು. ಜೈಬುನ್ನೀಸಾ ಅಕ್ಕಾರು ಕರಿಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಒರೆಸುತ್ತಾ ನಿಂತರು. ಎಳೆಯ ಓದುಗರಲ್ಲಿ ಬರಬೇಕಾದ ತಿಳುವಳಿಕೆ ಇದೇ ಎಂದು ಸಮಿತಿ ಒಮ್ಮತದಿಂದ ಅಭಿಪ್ರಾಯಪಟ್ಟಿತು. ಚೌಡವ್ವನ ಪ್ರಶ್ನೆಯನ್ನು ಮುಂದಿನ ಪುಸ್ತಕದ ಮೊದಲನೇ ಪಾಠವಾಗಿ ಹಾಕಿಸಲಾಯಿತು. ಅದು ಈಗ ನಾಲ್ಕೂರಿನ ಎಲ್ಲ ಮಕ್ಕಳಿಗೂ ಬಾಯಿಪಾಠ ಇದೆ.

ಮರುದಿನ ಹನಮವ್ವ ಶಾಲೆಯ ಮಕ್ಕಳಿಗೆ ಹಂಚಲು ನಾಗಾವಿಯಿಂದ ಬೆಲ್ಲ ತಂದಳು. ಬೆಲ್ಲಕ್ಕೆ ಯಾವ ಪುಸ್ತಕದಲ್ಲೂ ಬೇರೆ ಹೆಸರು ಇರಲಿಲ್ಲ. ನಾಕಾದಲ್ಲಿ ಜಕಾತಿ ಕೊಟ್ಟು ಒಳಗೆ ಬಂದಳು.