ತಾಮ್ರಕ್ಕೊಂದು ಹೆಪ್ಪು

ಕಲ್ಲು ಕರಗಿಸಿ ತಾಮ್ರ ತೆಗೆಯುವ ವಿದ್ಯೆ ಸಾವಿರಾರು ವರ್ಷಗಳ ಹಿಂದಿನವರಿಗೆ ಬಂತು, ಶಾಂತಕುಮಾರನಿಗೆ ಮಾತ್ರ ಬರಲಿಲ್ಲ. ಆ ಹಳೆಯ ವಿದ್ಯೆಯ ಮೇಲೆಯೇ ಅವನ ಸಂಶೋಧನೆ. ಮಣ್ಣೂರಿನಲ್ಲಿ ಗಂಗಾಬಾಯಿಯ ಹಿತ್ತಲು ಕೇಳಿ ಪಡೆದು, ಮಣ್ಣಿನ ಕುಲುಮೆ ಕಟ್ಟಿ, ಹಸಿರು ಅದಿರು ಹಾಕಿ ಊದಿದ್ದೇ ಊದಿದ್ದು. ಪ್ರತಿ ಸಲವೂ ಬಂದದ್ದು ಕರೀ ಕಿಟ್ಟ. ಇವತ್ತು ಅವನ ಗೈಡ್ ಸುವರ್ಣಾ ಮೇಡಂ ಕಲಬುರಗಿಯಿಂದ ಬರುವವರಿದ್ದರು. ಇವತ್ತೂ ತಾಮ್ರ ಬರದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕೆಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಬೆಳಿಗ್ಗೆಯಿಂದ ಇಡೀ ಓಣಿ ಹಿತ್ತಲಲ್ಲಿತ್ತು. ಸುಟ್ಟ ಪಂಪಿನ ಮೋಟರ್ ರಿಪೇರಿ ಮಾಡುವ ಜಾವೀದ ಅಂಗಡಿ ಮುಚ್ಚಿ ಬಂದು ತಿದಿ ಒತ್ತುತ್ತಿದ್ದ. ಗಂಗಾಬಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟಳು.

“ಉಣ್ಣೋ ತಮ್ಮಾ. ನೀ ಹಸ್ಕೊಂಡು ಕುಂತ್ರ ತಾಮ್ರ ಬರ್ತದೇನು?”

ಇಂಥ ಜನ ಸಿಕ್ಕಿದ್ದೇ ತನ್ನ ಪುಣ್ಯ ಎಂದುಕೊಳ್ಳುತ್ತ ಶಾಂತಕುಮಾರ ಕೈ ತೊಳೆಯಲು ಹೋದ.

ಮಧ್ಯಾಹ್ನ ಮೇಡಂ ಬಂದರು. ಅವರೆದುರು ಕುಲುಮೆ ಒಡೆದರೆ, ಅಬ್ಬಬ್ಬಾ! ಲಿಂಬೆಹಣ್ಣಿನಷ್ಟು ದಪ್ಪ ತಾಮ್ರದ ಗಟ್ಟಿ! ಓಣಿಯವರೆಲ್ಲ ಚಪ್ಪಾಳೆ ಹೊಡೆದರು. ಮೇಡಂ ಮಾತ್ರ ಅದನ್ನು ಜಾವೀದ ತಂತಿ ತೂಗುವ ತಕ್ಕಡಿಗೆ ಹಾಕಿ ಹುಬ್ಬೇರಿಸಿದರು.

“ಶಾಂತಕುಮಾರ, ನೀ ಹಾಕಿದ ಕಲ್ಲಿಗಿಂತ ಬಂದ ತಾಮ್ರಾನೇ ಜಾಸ್ತಿ ಅದಲ್ಲೋ!”

ಗಂಗಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ನಾ ಹೆಪ್ಪ ಹಾಕೀನ್ರಿ ಮೇಡಮ್ಮಾರ. ಹೆಪ್ಪ ಇಲ್ದ ಹಾಲು ಮೊಸರಾಗ್ತದೇನ್ರಿ? ಪಾಪ, ಈ ಹುಡುಗಗ ಯಾರೂ ಹೇಳಿಕೊಟ್ಟಿಲ್ಲ. ನಮ್ಮತ್ತಿ ಕಾಲದ ತಾಮ್ರದ ತಂಬಗಿ ಒಂದು ಒಡದಿತ್ತು, ಒಳಗ ಬಿಟ್ಟೆ.”

“ನಾ ಭೀ ಒಂದೀಟು ಮೋಟರ್ ತಂತಿ ಹಾಕೀನ್ರಿ,” ಎಂದ ಜಾವೀದ ನಾಚುತ್ತ.

ಶಾಂತಕುಮಾರ ತಲೆಮೇಲೆ ಕೈಹೊತ್ತು ಕುಳಿತ. ಸಿಟ್ಟು ಬರಬೇಕಿತ್ತು, ಹಾಳಾದ್ದು ಬರಲೇ ಇಲ್ಲ. ಅತ್ತೆಯ ತಂಬಿಗೆಯನ್ನೇ ಅವನಿಗಾಗಿ ಬೆಂಕಿಗೆ ಹಾಕಿದವಳ ಮೇಲೆ ಸಿಟ್ಟಾಗುವುದು ಹೇಗೆ?

“ಯಕ್ಕಾ, ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ರಿ. ಇನ್ನೊಮ್ಮಿ ಮಾತ್ರ ಏನೂ ಹಾಕಬ್ಯಾಡ್ರಿ, ಕೈ ಮುಗೀತೇನಿ.”

ಮೇಡಂ ಇನ್ನೊಂದು ಅವಕಾಶ ಕೊಟ್ಟರು. ಒಡೆದ ಕುಲುಮೆಗೆ ಮತ್ತೆ ಮಣ್ಣು ಮೆತ್ತಿದ್ದಾಯಿತು. ಈ ಸಲ ಕುಲುಮೆಯ ಪಕ್ಕ ಕುರ್ಚಿ ಹಾಕಿಕೊಂಡು ತಾವೇ ಕಾವಲು ಕುಳಿತರು. ಗಂಗಾಬಾಯಿಯನ್ನು ಕಟ್ಟೆಯಾಚೆ ಕಳಿಸಿದರು. ಜಾವೀದ ಜೇಬು ಝಾಡಿಸಿ ತೋರಿಸಿದ ಮೇಲೆಯೇ ತಿದಿ ಮುಟ್ಟಿದ. ಶಾಂತಕುಮಾರ ಅದಿರು ಸುರಿದು, ಕಣ್ಣು ಮುಚ್ಚಿ ಕಂಡಕಂಡ ದೇವರನ್ನೆಲ್ಲ ನೆನೆದ.

ಸಂಜೆ ಕುಲುಮೆ ಒಡೆದರು. ಕಿಟ್ಟದ ನಡುವೆ ಕಡಲೆಕಾಳಿನಷ್ಟು ತಾಮ್ರ, ಕೆಂಪಗೆ, ಮುದ್ದಾಗಿ! ಶಾಂತಕುಮಾರ ಗಳಗಳ ಅತ್ತುಬಿಟ್ಟ. ಜಾವೀದನನ್ನು ತಬ್ಬಿಕೊಂಡ. ಗಂಗಾಬಾಯಿಯ ಕಾಲು ಮುಟ್ಟಿ, “ನೀವು ಇರದಿದ್ರ ನಾ ಎಂದೋ ಓಡಿ ಹೋಗ್ತಿದ್ದೆ ಯಕ್ಕಾ,” ಎಂದ. ಆಮೇಲೆ ಮೇಡಂ ಕಾಲಿಗೆ ಬಗ್ಗಿದ.

ಅವರು ಗಾಬರಿಯಾಗಿ ಕಾಲು ಹಿಂದೆಳೆದುಕೊಂಡರು. ಅವನನ್ನು ಕಣಿಕೆಯ ಬಣವೆಯ ಹಿಂದೆ ಕರೆದೊಯ್ದು, ದನಿ ತಗ್ಗಿಸಿದರು.

“ನಿನ್ನ ಸಪ್ಪನ್ನ ಮಾರಿ ನೋಡಿ ತಡಕೊಳ್ಳಾಕ ಆಗ್ಲಿಲ್ಲಪಾ. ನೀ ಕಣ್ಣು ಮುಚ್ಚಿದಾಗ ನನ್ನ ತಾಮ್ರದ ಉಂಗುರ ಒಳಗ ಒಗದ್ಬಿಟ್ಟೆ. ಈಗ ಹೇಳು, ಹೊಸ ವಿಷಯ ಏನ್ ತಗೋತಿ?”