ಫೇಲ್ ಮಾಡಿಕೊಡಿ ಎಂದ ಗಿರಾಕಿ

ಹುಣಸೂರಿನಲ್ಲಿ ವಾಹನಗಳ ಹೊಗೆ ತಪಾಸಣೆ ಕೇಂದ್ರ ಇಟ್ಟುಕೊಂಡವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಗಾದರೆ ಯಾರಾದರೊಬ್ಬರು ಬಂದು ನಗಿಸಿ ಹೋಗುತ್ತಾರೆ. ಗಂಡ ಹೆಂಡತಿ ಒಂದು ಜೋಡಿ ಮಾತ್ರ ನನ್ನನ್ನು ನಗಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಮೊದಲು ನಗುವಂಥದ್ದೊಂದನ್ನು ಹೇಳಿಬಿಡುತ್ತೇನೆ.

ಕಾರು ಮನೆಯಲ್ಲಿದೆ

ಹೊಸ ಅಗ್ರಹಾರದ ಕಡೆಯ ಯಜಮಾನರೊಬ್ಬರು ಬಸ್ಸಿಳಿದು ಬಂದು, ನನ್ನ ಕಾರಿಗೊಂದು ಹೊಗೆ ಸರ್ಟಿಫಿಕೇಟ್ ಕೊಡಿ ಎಂದರು. ಕಾರೆಲ್ಲಿ ಎಂದೆ. ಮನೆಯಲ್ಲಿದೆ ಎಂದರು. ಕಾರಿಲ್ಲದೆ ನಾನು ಯಾವುದರ ಹೊಗೆ ಅಳೆಯಲಿ ಎಂದು ಕೇಳಿದ್ದಕ್ಕೆ ಅವರಿಗೆ ಬೇಜಾರಾಯಿತು.

"ಕಾರು ತಂದ್ರೆ ದಾರೀಲಿ ಪೊಲೀಸ್ನೋರು ಸರ್ಟಿಫಿಕೇಟ್ ಕೇಳ್ತಾರೆ ಕಣ್ರೀ. ಅದಿಲ್ದೆ ಕಾರ್ನ ಎಂಗ್ ತರ್ಲಿ?"

ಕಾನೂನು ಮಾಡಿದವರು ಇದಕ್ಕೇನು ಉತ್ತರ ಇಟ್ಟಿದ್ದಾರೋ, ನನಗಂತೂ ತಿಳಿಯದು.

ಹಳೇ ಗಾಡಿಗೆ ಹಳೇ ಲೆಕ್ಕ

ನನ್ನ ಹತ್ತಿರ ಬರುವವರೆಲ್ಲ ಹೇಗಾದರೂ ಪಾಸ್ ಮಾಡಿ ಎಂದು ದುಂಬಾಲು ಬೀಳುವವರೇ. ಕಂಪಲಾಪುರದ ಹತ್ತಿರದ ಗೌಡರೊಬ್ಬರು ಮಾತ್ರ ತಮ್ಮ ಡೀಸೆಲ್ ಜೀಪು ತಂದು ನಿಲ್ಲಿಸಿ, ಇದನ್ನು ಫೇಲ್ ಮಾಡಿಕೊಡಿ ಎಂದರು.

ಅವರ ಹೆಂಡತಿಗೆ ಎದೆ ಕೆಟ್ಟಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಒಟ್ಟಿ ಒಟ್ಟಿ ಆಯಸ್ಸು ಸವೆಸಿದ ಹೆಂಗಸು. ಇನ್ನು ಹೊಗೆಯ ಹತ್ತಿರ ಸುಳಿಯಬೇಡಿ, ಇರುವ ಉಸಿರನ್ನಾದರೂ ಉಳಿಸಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಜೀಪು ಹತ್ತಿದರೆ ಆಕೆಗೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಹಾಗಾಗಿ ಗಂಡ ಎಲ್ಲಿಗೆ ಹೋದರೂ ಆಕೆ ಮನೆಯಲ್ಲೇ. ಜೀಪು ಕೊಟ್ಟು ಬೇರೆ ಕಾರು ತರೋಣ ಎಂದರೆ ಆಕೆಯೇ ಒಪ್ಪುತ್ತಿರಲಿಲ್ಲ. ಸರ್ಕಾರವೇ ಫೇಲ್ ಮಾಡಿದೆ ಎಂದರೆ ಎದುರಾಡುವುದಿಲ್ಲ ಎಂಬುದು ಗೌಡರ ಎಣಿಕೆ.

ಪರೀಕ್ಷೆ ಮಾಡಿದೆ. ಜೀಪು ಪಾಸಾಯಿತು. ಗೌಡರು ಅದನ್ನು ಉಳುವ ಎತ್ತಿನ ಹಾಗೆ ಸಾಕಿದ್ದರು, ಅದೇ ಎಡವಟ್ಟಾಗಿದ್ದು. ಇಷ್ಟೊಂದು ಹೊಗೆ ಕಣ್ಣಿಗೇ ಕಾಣುತ್ತಿದೆಯಲ್ಲ ಎಂದರು. ಹಳೇ ಗಾಡಿಗೆ ಹಳೇ ಕಾಲದ ಮಿತಿ, ಹೊಸ ಗಾಡಿಗೆ ಹೊಸ ಮಿತಿ, ಕಾನೂನು ಇರುವುದೇ ಹಾಗೆ ಎಂದು ತಿಳಿಸಿ ಹೇಳಿದೆ.

"ಗಾಡಿಗೆ ಹಳೇ ಲೆಕ್ಕ, ಸರಿ ಬುಡಿ. ಅದ್ರ ಹೊಗೆ ಕುಡಿಯೋಳ್ಗೆ ಹಳೇ ಎದೆ ವಾಪಸ್ ಕೊಡ್ತದಾ ಕಾನೂನು?"

ಪಾಸಾದ ಸರ್ಟಿಫಿಕೇಟ್ ಹಿಡಿದು, ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಅಪ್ಪನ ಮುಖ ಮಾಡಿಕೊಂಡು ಹೋದವರನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ಚೀಲ ಅವರೆಕಾಯಿ

ಸರ್ಟಿಫಿಕೇಟಿನ ಅವಧಿ ಮುಗಿದು ಮುಂದಿನ ಸಲ ಜೀಪು ಬರುವ ಹಿಂದಿನ ದಿನ ಗೌಡರ ಹೆಂಡತಿಯೇ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ನಾಳೆ ನಮ್ಮೋರು ಬಂದು ಫೇಲ್ ಮಾಡಿ ಅಂತಾರೆ, ನೀನು ಪಾಸ್ ಮಾಡ್ಬುಡಪ್ಪ ಎಂದರು. ನಿಮ್ಮ ಜೀವ ತೆಗೆಯುವ ಜೀಪಿನ ಮೇಲೆ ಇದೆಂಥ ವ್ಯಾಮೋಹ ತಾಯಿ ಎಂದು ಕೇಳಿದೆ. ಅದು ನಿನಗೆ ತಿಳಿಯೋದಲ್ಲ ಬುಡು ಎಂದರು. ಬೇಡವೆಂದರೂ ಚೀಲವನ್ನು ಅಲ್ಲೇ ಇಟ್ಟು ಹೋದರು.

ಮರುದಿನ ಗೌಡರೂ ಒಂದು ಚೀಲ ಅವರೆಕಾಯಿ ತಂದರು, ಫೇಲ್ ಮಾಡುವುದಕ್ಕೆ. ಮೆಷಿನ್ನು ಯಾರ ಮುಲಾಜಿಗೂ ಬೀಳದೆ ಮತ್ತೆ ಪಾಸ್ ಎಂದಿತು. ನಮ್ಮ ಮನೆಯಲ್ಲಿ ಮಾತ್ರ ಒಂದೇ ಹೊಲದ ಲಂಚ ಎರಡು ಸಲ ಸಾರಾಯಿತು.

ಕೆಮ್ಮು ನೋಡಿ ಕಾರು ಕೊಂಡದ್ದು

ಜೀಪಿಗೆ ಹದಿನೈದು ವರ್ಷ ತುಂಬುತ್ತಾ ಬಂದಿತ್ತು. ಓಡಿಸಬೇಕಾದರೆ ಮತ್ತೆ ನೋಂದಣಿ ಮಾಡಿಸಬೇಕು. ಗೌಡರಿಗೆ ಅಷ್ಟು ನೆವ ಸಾಕಾಯಿತು. ಹೆಂಡತಿಯನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ, ಹೊಗೆಯ ಮರ್ಮ ಬಲ್ಲವರು ಎಂದು ನನ್ನನ್ನೂ ಬಸ್ಸು ಹತ್ತಿಸಿಕೊಂಡು, ಬರುವಾಗ ಕಾರು ಮಾರುವ ಶೋರೂಮಿಗೆ ನುಗ್ಗಿಸಿದರು.

ಅಲ್ಲಿನ ಹುಡುಗಿ ಪೆಟ್ರೋಲ್, ಗ್ಯಾಸ್, ಕರೆಂಟು, ತೆರೆಯುವ ಛಾವಣಿ, ಹಾಡುವ ಪರದೆ, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ವಿವರಿಸತೊಡಗಿದಳು. ಗೌಡರು ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ದನ ಕೊಳ್ಳುವವರು ಹಲ್ಲು ನೋಡುವ ಹಾಗೆ, ಒಂದೊಂದೇ ಕಾರು ಸ್ಟಾರ್ಟ್ ಮಾಡಿಸಿ, ಅದರ ಹಿಂದೆ ಹೆಂಡತಿಯನ್ನು ನಿಲ್ಲಿಸಿದರು. ಆಕೆ ಪೆಟ್ರೋಲಿಗೆ ಕೆಮ್ಮಿದರು. ಗ್ಯಾಸಿಗೂ ಕೆಮ್ಮಿದರು. ಹುಡುಗಿ ಗಾಬರಿಯಾಗಿ ನೀರು ತರಲು ಓಡಿದಳು. ಕೊನೆಗೆ ಕರೆಂಟು ಕಾರಿನ ಹಿಂದೆ ಬಹಳ ಹೊತ್ತು ನಿಂತು, ಇನ್ನೂ ಸ್ಟಾರ್ಟೇ ಮಾಡಿಲ್ವಾ ಎಂದು ಕೇಳಿದರು. ಅದು ಆಗಲೇ ಚಾಲೂ ಆಗಿತ್ತು.

ಗೌಡರ ಕಣ್ಣು ತುಂಬಿತು. ಇದೇ ಸೈ ಎಂದರು. ಆಕೆ ಬ್ಯಾಡ ಎಂದರು. ಯಾಕೆ ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು.

"ಜೀಪಾದ್ರೆ ನಾಲೆ ಏರಿ ಮ್ಯಾಲೆ ಬತ್ತಿದ್ದಂಗೇ ಸದ್ದು ಕೇಳ್ತದೆ. ಆಗ ಎಸ್ರು ಇಡ್ತೀನಿ. ಇವ್ರು ಕೈಕಾಲು ತೊಳ್ಯೋ ಹೊತ್ಗೆ ಬಿಸಿ ಮುದ್ದೆ. ಈ ಮೂಗಿ ಬಂದಿದ್ದು ನಂಗೆ ಎಂಗ್ ಗೊತ್ತಾಗ್ಬೇಕು?"

ಹುಡುಗಿ ನಕ್ಕಳು. ನಾನೂ ನಕ್ಕೆ. ಗೌಡರು ನಗಲಿಲ್ಲ.

"ನೀನು ಮನೇಲಿ ಕಾಯೋದ್ಯಾಕೆ? ಇನ್ಮ್ಯಾಕೆ ಜೊತೇಲೇ ಬಾ."

ಕಾರು ಬಂತು. ಸಾಲಿಗ್ರಾಮ, ಕೋಟೆ, ಗೌಡರು ಯಾವ ಊರಿಗೆ ಹೋದರೂ ಮುಂದಿನ ಸೀಟಿನಲ್ಲಿ ಆಕೆ ಇರುತ್ತಿದ್ದರು. ಸುಖ ಬಹಳ ದಿನ ಇರಲಿಲ್ಲ. ಚಳಿಗಾಲ ಕಳೆಯುವ ಮುಂಚೆಯೇ ಆಕೆ ತೀರಿಹೋದರು.

ಮಣ್ಣು ಮುಗಿಸಿ ಬರುವಾಗ ಗೌಡರು ನನ್ನ ಪಕ್ಕದಲ್ಲೇ ನಡೆಯುತ್ತಿದ್ದರು. ಅವರೇ ಮಾತು ತೆಗೆದರು.

"ಮುಂಚೆ ಜೀಪಲ್ಲಿ ಬತ್ತಿದ್ದಾಗ ಆ ಸದ್ದಿಗೆ ಅವ್ಳು ಬೈದಿದ್ದು ಒಂದೂ ಕೇಳ್ತಿರ್ನಿಲ್ಲ ಕಣ್ರೀ. ಈ ಕಾರಲ್ಲಿ ಎಲ್ಲಾ ಕೇಳುಸ್ತು. ಇನ್ನೊಸಿ ದಿನ ಬೈಸ್ಕಬೇಕಿತ್ತು."